ನಿಂತಿದ್ದ ಗಾಡಿ ಗುದ್ದಿದ ಪ್ರಸಂಗ

ಸನಿತನ ಮನೆಯಲ್ಲಿ ಒಂದು ಬಟ್ಟಲು ಬಿದ್ದು ಒಡೆದರೂ ಅದನ್ನು ಕೂಡಲೇ ಗುಡಿಸುವ ಹಾಗಿರಲಿಲ್ಲ. ಮೊದಲು ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಯಾರಿಗಾದರೂ ಪೆಟ್ಟಾಗಿದೆಯೇ ನೋಡಬೇಕು. ಆಮೇಲೆ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಬೇಕು. ಅಷ್ಟು ಹೊತ್ತಿಗೆ ಬಟ್ಟಲಿನಲ್ಲಿದ್ದ ಮೀನಿನ ಸಾರು ಮೇಜಿನಿಂದ ಇಳಿದು, ಚಾಪೆಯ ಅಡಿ ಹಾದು, ಬಾಗಿಲ ಕಡೆ ಪ್ರಯಾಣ ಬೆಳೆಸಿರುತ್ತಿತ್ತು.

"ಈಗಲಾದ್ರೂ ಒರೆಸ್ಲಾ?" ಎಂದು ಹೆಂಡತಿ ಲಮಯ್ ಬಟ್ಟೆ ಹಿಡಿದು ಕೇಳುತ್ತಿದ್ದಳು.

"ತಡಿ. ಘಟನಾ ಸ್ಥಳ ಮುಟ್ಬಾರ್ದು."

"ಘಟನೆ ಮಾಡಿದ್ದು ನೀವೇ ಅಲ್ವಾ? ನಿಮ್ಮ ಮೊಣಕೈ ತಾಗಿ ಬಿತ್ತು."

"ಅದನ್ನ ನಾನು ಒಪ್ಕೊಳ್ಳಲ್ಲ. ಸ್ಥಳದಲ್ಲೇ ತಪ್ಪು ಒಪ್ಕೋಬಾರ್ದು. ಅದೇ ನಿಯಮ."

ಸನಿತನದು ಅದೇ ಕಸುಬು. ಫೆಚ್ಚಬುರಿ ಪಟ್ಟಣದ ಒಂದು ಡ್ರೈವಿಂಗ್ ಶಾಲೆಯಲ್ಲಿ, ಲೈಸೆನ್ಸಿಗೆಂದು ಬಂದವರನ್ನು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂರಿಸಿ, 'ಅಪಘಾತವಾದ ಕೂಡಲೇ ಚಾಲಕನು ಮಾಡತಕ್ಕದ್ದು' ಎಂಬ ಮಹೋಪನ್ಯಾಸವನ್ನು ಅವನು ಎಷ್ಟೋ ವರ್ಷಗಳಿಂದ ಕೊಡುತ್ತ ಬಂದಿದ್ದ. ಗಾಡಿ ನಿಲ್ಲಿಸಿ, ಓಡಿಹೋಗಬೇಡಿ. ನಾಲ್ಕೂ ದೀಪ ಮಿನುಗಿಸಿ. ಮೊದಲು ಮನುಷ್ಯರನ್ನು ನೋಡಿ, ಆಮೇಲೆ ಬಂಪರ್ ನೋಡಿ. ಗಾಯವಾಗಿದ್ದರೆ ಆಂಬುಲೆನ್ಸ್ ಕರೆಯಿರಿ, ವಿಮೆಯವನಿಗೆ ಫೋನ್ ಮಾಡಿ, ಫೋಟೋ ತೆಗೆಯಿರಿ. ಕೂಗಾಡಬೇಡಿ. ಕೊನೆಗೆ ಧ್ವನಿ ಇಳಿಸಿ, ಮಂತ್ರೋಪದೇಶ ಮಾಡುವವನ ಹಾಗೆ ಮುಂದಕ್ಕೆ ಬಾಗಿ, "ಏನೇ ಆಗಲಿ, 'ನನ್ನದೇ ತಪ್ಪು' ಅನ್ಬೇಡಿ" ಎನ್ನುತ್ತಿದ್ದ. (ಈ ಹೊತ್ತಿಗೆ ಹಿಂದಿನ ಸಾಲಿನವರು ನಿದ್ದೆ ಹೋಗಿರುತ್ತಿದ್ದರು. ಹಾಗಾಗಿ ಈ ಊರಿನಲ್ಲಿ ತಪ್ಪು ಒಪ್ಪಿಕೊಳ್ಳುವವರು ಯಾರೆಂದು ನೋಡಿದರೇ ಅವರು ಯಾವ ಸಾಲಿನಲ್ಲಿ ಕೂತಿದ್ದರೆಂದು ಹೇಳಬಹುದು.)

ಇಂಥ ಸನಿತನಿಗೇ ಮನೆಯಲ್ಲಿ ಗಾಡಿಯ ಕೀಲಿ ಕೈಯಲ್ಲಿ ಉಳಿಯುವ ಭರವಸೆ ಇರಲಿಲ್ಲ ಎಂಬುದು ಅವನ ಬಾಳಿನ ದುಃಖ. ಮನೆಯ ಪಿಕಪ್ ಗಾಡಿ ಲಮಯಳ ಸಂಪಾದನೆ. ಮೊಟ್ಟೆ, ತೆಂಗಿನ ಹಾಲು, ತಾಳೆಬೆಲ್ಲ ಹಾಕಿ ತಗಡಿನ ತಟ್ಟೆಗಳಲ್ಲಿ ಬೇಯಿಸುವ ಮೊಕೆಂಗ್ ಸಿಹಿಗೆ ಅವಳ ಅಂಗಡಿ ಹೆಸರುವಾಸಿ. ಗಂಡ ಆ ಗಾಡಿಯನ್ನು ಮನೆಯ ಗೇಟಿನ ಕಂಬಕ್ಕೆ ಒಮ್ಮೆ, ಅವಳ ತಾಯಿಯ ಹೂಕುಂಡಗಳಿಗೆ ಒಮ್ಮೆ, ಬುದ್ಧಿ ಬಂದಿರಬೇಕು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಅದೇ ಕಂಬಕ್ಕೆ ಒಮ್ಮೆ ಗುದ್ದಿದ್ದ. ಮೂರು ಸಲವೂ ನಿಯಮದ ಪ್ರಕಾರ ತಪ್ಪು ಒಪ್ಪಿಕೊಂಡಿರಲಿಲ್ಲ.

"ನೋಡಿ, ಇನ್ನೊಂದು ಸಲ ನಿಮ್ಮ ತಪ್ಪಿಂದ ಗಾಡಿಗೆ ಗೀರು ಬಿದ್ರೂ ಸಾಕು," ಎಂದು ಲಮಯ್ ತೀರ್ಪು ಕೊಟ್ಟಿದ್ದಳು. "ಕೀಲಿ ನನ್ನ ಸೊಂಟಕ್ಕೆ. ನೀವು ನನ್ನ ಸ್ಕೂಟರ್ ಹಿಂದೆ."

ಅರವತ್ತರ ಹತ್ತಿರ ಬಂದ ಗಂಡಸು, ಎದೆಯ ಮೇಲೆ 'ಬೋಧಕರು' ಎಂದು ಹೊಲಿದ ಅಂಗಿ ತೊಟ್ಟು, ಹೆಂಡತಿಯ ಸ್ಕೂಟರ್ ಹಿಂದೆ ಕೂತು ಡ್ರೈವಿಂಗ್ ಶಾಲೆಗೆ ಹೋಗಿ ಇಳಿಯುವ ಚಿತ್ರ ಸನಿತನ ಕಣ್ಣ ಮುಂದೆ ಬಂದು ಅನ್ನ ಇಳಿಯದಂತಾಯಿತು. ಅಂದಿನಿಂದ ಅವನು ಎತ್ತಿನ ಗಾಡಿಯೂ ನಾಚುವಷ್ಟು ನಿಧಾನವಾಗಿ ಪಿಕಪ್ ಓಡಿಸತೊಡಗಿದ. ಕನ್ನಡಿಗೆ ದಿನಾ ಹೊಸ ಹೂಮಾಲೆ ಹಾಕಿದ. ಗಾಜಿಗೆ ಕ್ಯಾಮೆರಾ ಅಂಟಿಸಿದ.

ಆ ಬೆಳಿಗ್ಗೆ ಅವನು ಮೊಕೆಂಗ್ ತಟ್ಟೆಗಳನ್ನು ಅಂಗಡಿಗೆ ಒಯ್ಯುತ್ತ, ಸೇತುವೆಯ ಹತ್ತಿರದ ಕೆಂಪು ದೀಪಕ್ಕೆ ನಿಂತಿದ್ದ. ನಿಂತಿದ್ದ ಎಂದರೆ ನಿಂತೇ ಇದ್ದ. ಕೈ ಬ್ರೇಕ್ ಎಳೆದು, ಕಾಲ ಬ್ರೇಕ್ ಒತ್ತಿ, ಉಸಿರನ್ನೂ ಸ್ವಲ್ಪ ಹಿಡಿದು ನಿಂತಿದ್ದ. ಮುಂದೆ ಒಂದು ಹಳೆಯ ಬಿಳಿ ಕಾರು. ದೀಪ ಹಸಿರಾಯಿತು. ಬಿಳಿ ಕಾರು ಒಮ್ಮೆ ಗುಟುರು ಹಾಕಿ, ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಬಂದು, ಸನಿತನ ಗಾಡಿಯ ಮೂತಿಗೆ ಧಡಾರನೆ ಬಡಿಯಿತು. ಹಿಂದುಗಡೆ ಮೊಕೆಂಗ್ ತಟ್ಟೆಗಳು ಒಂದರ ಮೇಲೊಂದು ಜಾರಿ ರಸ್ತೆಗೆ ಇಳಿದವು.

ಹೇಳಿದರೆ ನಂಬುವುದು ಕಷ್ಟ, ಸನಿತನಿಗೆ ಆ ಕ್ಷಣದಲ್ಲಿ ಆದದ್ದು ಸಂತೋಷ. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಮಾಡಿ ತೋರಿಸುವ ದಿನ ಬಂದಿತ್ತು, ಅದೂ ತನ್ನದು ಎಳ್ಳಷ್ಟೂ ತಪ್ಪಿಲ್ಲದ ಅಪಘಾತ! ನಾಲ್ಕೂ ದೀಪ ಮಿನುಗಿಸಿದ. ತಾನು ನೆಟ್ಟಗಿದ್ದೇನೆಂದು ಮುಟ್ಟಿ ನೋಡಿಕೊಂಡ. ಫೋನ್ ಕೈಗೆ ತಗೊಂಡು, ಮುಖ ಗಂಭೀರ ಮಾಡಿಕೊಂಡು, ಸಾಕ್ಷಾತ್ ನಿಯಮವೇ ಇಳಿದು ಬಂದ ಹಾಗೆ ಇಳಿದ.

ಬಿಳಿ ಕಾರಿನ ಬಾಗಿಲು ತೆರೆಯಿತು. ಮೊದಲು ಒಂದು ಊರುಗೋಲು ಬಂತು. ಆಮೇಲೆ ಒಂದು ಕಾಲು. ಬಹಳ ಹೊತ್ತಿನ ಮೇಲೆ ಇನ್ನೊಂದು ಕಾಲು. ಅದರ ಮೇಲೆ ನಿಂತವರು ನಾಲ್ಕನೇ ಕ್ಲಾಸಿನಲ್ಲಿ ಸನಿತನಿಗೆ ಲೆಕ್ಕ ಹೇಳಿಕೊಟ್ಟಿದ್ದ ಸವಾಂಗ್ ಮೇಷ್ಟ್ರು.

ಸನಿತನ ಕೈಗಳು ಅವನನ್ನು ಕೇಳಲಿಲ್ಲ. ಫೋನ್ ಸಮೇತ ತಾವೇ ಮೇಲೆದ್ದು ಜೋಡಿಸಿಕೊಂಡವು. ಸಮಾನರಿಗೆ ಮುಗಿಯುವಂತೆ ಎದೆಯ ಹತ್ತಿರವಲ್ಲ, ಗುರುಗಳಿಗೆ ಮುಗಿಯುವಂತೆ ಹೆಬ್ಬೆರಳು ಮೂಗಿಗೆ ತಾಗುವ ಹಾಗೆ. ತಲೆ ತಾನಾಗಿ ಬಾಗಿತು. ಬಾಯಿ ಕೂಡ ತಾನಾಗಿಯೇ ಅಂದುಬಿಟ್ಟಿತು: "ಕ್ಷಮಿಸಿ ಮೇಷ್ಟ್ರೇ."

"ಯಾರೋ ಅದು? ಸನಿತಾ?" ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. "ಕಣ್ಣು ಬಿಟ್ಕೊಂಡು ಓಡಿಸ್ಬಾರ್ದೇನೋ? ಭಾಗಾಕಾರದಲ್ಲೂ ಹೀಗೇ. ಮುಂದಿನ ಅಂಕಿ ನೋಡ್ದೆ ನುಗ್ತಿದ್ದೆ."

"ಹೌದು ಮೇಷ್ಟ್ರೇ."

ಅಷ್ಟರಲ್ಲಿ ಜನ ಸೇರಿದರು. ನಮ್ಮಲ್ಲಿ ಜಖಂ ಆದ ಗಾಡಿಯ ಸುತ್ತ ಸೇರುವ ಜನ ಮೊದಲು ನೋಡುವುದು ನಂಬರ್ ಪ್ಲೇಟು. ಅಪಘಾತವಾದ ಗಾಡಿಯ ನಂಬರಿಗೆ ಲಾಟರಿ ಹತ್ತುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಜ್ಞಾನ. ಬಾಳೆಕಾಯಿ ಕರಿಯುವ ಹೆಂಗಸು ಎಣ್ಣೆ ಜಾಲರಿ ಹಿಡಿದೇ ಬಂದು, ರಸ್ತೆಯ ಮೇಲಿನ ಮೊಕೆಂಗ್ ದಾಟಿ, ಸನಿತನ ನಂಬರು ಬಾಯಿಪಾಠ ಮಾಡಿಕೊಂಡು ಹೋದಳು.

ಮೇಷ್ಟ್ರು ಸನಿತನ ತೋಳು ಹಿಡಿದು ಹತ್ತಿರ ಎಳೆದರು. ಹಿಡಿದದ್ದು ಬಿಡಲಿಲ್ಲ. ಒಂದು ಕಾಲದಲ್ಲಿ ಬೆತ್ತ ಹಿಡಿದು ಇಡೀ ಕ್ಲಾಸನ್ನು ನಡುಗಿಸಿದ್ದ ಕೈ ಅದು.

"ನನ್ನ ಮಗಳಿಗೆ ಗೊತ್ತಾಗ್ಬಾರ್ದು ಕಣೋ," ಎಂದು ಪಿಸುಗುಟ್ಟಿದರು. "ಹೋದ ತಿಂಗಳು ಮಾರ್ಕೆಟ್ ಹತ್ರ ಒಂದು ಆಗಿತ್ತು. ಇನ್ನೊಂದು ಆದ್ರೆ ಕೀಲಿ ಕಿತ್ಕೋತೀನಿ ಅಂದಿದಾಳೆ. ಭಾನುವಾರ ನಾನು ಅವಳ ಹತ್ರ ಹೋಗೋದು ಹೇಗೆ?"

ಅವಳು ಎಂದರೆ ಮೇಷ್ಟ್ರ ಹೆಂಡತಿ. ತೀರಿಕೊಂಡು ಎರಡು ವರ್ಷವಾಗಿತ್ತು. ಊರಾಚೆಯ ಬೌದ್ಧ ವಿಹಾರದ ಗೋಡೆಯಲ್ಲಿ ಒಂದು ಗೂಡು, ಗೂಡಿನ ಮೇಲೆ ಒಂದು ಸಣ್ಣ ಫೋಟೋ, ಒಳಗೆ ಅವರ ಅಸ್ಥಿ. ಮೇಷ್ಟ್ರು ಪ್ರತಿ ಭಾನುವಾರ ಹೋಗಿ ಅದರ ಮುಂದೆ ಮಲ್ಲಿಗೆ ಇಟ್ಟು, ವಾರದ ಸುದ್ದಿಯನ್ನೆಲ್ಲ ಹೇಳಿ ಬರುತ್ತಿದ್ದರು. ಸನಿತನಿಗೂ ಒಂದು ಕೀಲಿಯ ಭಯ ಇತ್ತಲ್ಲ, ಆ ಭಯದ ಪರಿಚಯ ಅವನಿಗಿತ್ತು.

ವಿಮೆಯವನು ಮೋಟರ್ ಬೈಕಿನಲ್ಲಿ ಬಂದ. ಕೆನ್ನೆ ಇಳಿಬಿದ್ದ, ಇಡೀ ಜಿಲ್ಲೆಯ ಬಂಪರುಗಳ ದುಃಖವನ್ನು ಒಬ್ಬನೇ ಹೊತ್ತಂತಿದ್ದ ಮನುಷ್ಯ. ರಸ್ತೆಯ ಮೇಲಿನ ಗುರುತು ನೋಡಿ ತಲೆ ಕೆರೆದುಕೊಂಡ.

"ಸಾರ್, ನೀವು ಹಿಂದಿನಿಂದ ಗುದ್ದಿದ್ರಾ? ಗುದ್ದಿದ ಹಾಗೆ ಕಾಣಲ್ಲ. ನಿಮ್ಮ ಕೈ ಬ್ರೇಕ್ ಎಳ್ದೇ ಇದೆ."

"ಎಳ್ಕೊಂಡೇ ಗುದ್ದಿದೆ," ಎಂದ ಸನಿತ.

"ನಿಂತಿದ್ದ ಗಾಡಿ ಹೇಗೆ ಗುದ್ದತ್ತೆ ಸಾರ್?"

"ಸ್ವಲ್ಪ ಮುಂದಕ್ಕೆ ನಿಂತಿದ್ದೆ."

ವಿಮೆಯವನು ಕ್ಯಾಮೆರಾ ತೆಗೆಸಿ ನೋಡಿದ. ಅದರಲ್ಲಿ ಕನ್ನಡಿಗೆ ಕಟ್ಟಿದ ಹೂಮಾಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತೂಗುತ್ತಿತ್ತು. ನಡುವೆ ಒಮ್ಮೆ ಧಡಾರ್ ಎಂಬ ಸದ್ದು. ಮತ್ತೆ ಹೂವು.

"ಜನ ಹೇಳ್ತಿದಾರೆ, ನೀವು ಇಳಿದ ತಕ್ಷಣ ಕೈ ಮುಗಿದ್ರಂತೆ."

"ಮುಗಿದೆ."

"ಎಷ್ಟು ಎತ್ತರಕ್ಕೆ?"

ಸನಿತ ತೋರಿಸಿದ. ವಿಮೆಯವನು ನಿಟ್ಟುಸಿರು ಬಿಟ್ಟ. "ಅಷ್ಟು ಎತ್ತರಕ್ಕೆ ಮುಗಿದ ಮೇಲೆ ನಾನೇನು ಮಾಡ್ಲಿ ಸಾರ್," ಎಂದು ಸನಿತನದೇ ತಪ್ಪು ಎಂದು ಬರೆದುಕೊಂಡು ಹೋದ.

ಮನೆಯಲ್ಲಿ ಲಮಯ್ ಏನೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಬಗ್ಗಿದ ತಟ್ಟೆಗಳನ್ನು ಒಂದೊಂದಾಗಿ ತೊಳೆದು ಇಟ್ಟು, ಕೈ ಒರೆಸಿಕೊಂಡು, ಅಂಗೈ ಚಾಚಿದಳು.

"ಕೇಳು, ಅದು ನಡೆದದ್ದು..." ಎಂದು ಸನಿತ ಶುರು ಮಾಡಿದ. ನಿಜ ಹೇಳಿದರೆ ಲಮಯ್ ಅದನ್ನು ಮೇಷ್ಟ್ರ ಮಗಳಿಗೆ ಹೇಳುತ್ತಾಳೆ. ಇಬ್ಬರೂ ಒಂದೇ ಮಾರ್ಕೆಟ್ಟಿಗೆ ಹೋಗುವವರು. ಬಾಯಿ ಮುಚ್ಚಿಕೊಂಡ.

"ನಿಮ್ಮ ತಪ್ಪು ಹೌದೋ ಅಲ್ವೋ?"

"ಹೌದು."

"ಮದುವೆ ಆದಾಗಿಂದ ಇದೇ ಮೊದಲು ನೀವು ಹೌದು ಅಂದಿದ್ದು," ಎಂದಳು ಲಮಯ್. ಕೀಲಿ ಸೊಂಟಕ್ಕೆ ಹೋಯಿತು.

ಅವನ ಕೆಟ್ಟ ದಿನಗಳು ಅಲ್ಲಿಂದ ಶುರುವಾದವು. ಶಾಲೆಯ ಯಜಮಾನರು, ನಿಂತ ಕಾರಿಗೆ ಹಿಂದಿನಿಂದ ಗುದ್ದಿದ ಬೋಧಕನ ಉಪನ್ಯಾಸ ಯಾರು ಕೇಳುತ್ತಾರೆಂದು ಅವನನ್ನು ಮೈದಾನದ ಕಿತ್ತಳೆ ಕೋನುಗಳನ್ನು ಜೋಡಿಸುವ ಕೆಲಸಕ್ಕೆ ಹಾಕಿದರು. ಹೊಸಬರು ಬೀಳಿಸಿದ ಕೋನನ್ನು ಎತ್ತಿ ನಿಲ್ಲಿಸುವುದು, ಮತ್ತೆ ಬೀಳಿಸುವುದನ್ನು ಕಾಯುವುದು. ಒಳಗೆ ಹೊಸ ಬೋಧಕಿ ಮೈಕಿನಲ್ಲಿ, "ತಪ್ಪು ಒಪ್ಕೋಬೇಡಿ ಅಂತ ಇಷ್ಟು ವರ್ಷ ಪಾಠ ಹೇಳಿದವರೇ ಏನು ಮಾಡಿದ್ರು ಅಂದ್ರೆ..." ಎಂದು ಅವನನ್ನೇ ಉದಾಹರಣೆ ಕೊಡುತ್ತಿದ್ದುದು ಬಿಸಿಲಿನಲ್ಲಿ ಅವನಿಗೆ ಚೆನ್ನಾಗಿ ಕೇಳುತ್ತಿತ್ತು. ಸಂಜೆ ಸ್ಕೂಟರ್ ಹಿಂದೆ ಕೂತು, ಮಂಡಿಗಳ ಮೇಲೆ ಖಾಲಿ ತಟ್ಟೆಗಳನ್ನು ಇಟ್ಟುಕೊಂಡು ಮನೆಗೆ ಬರುತ್ತಿದ್ದ. ಲಾಟರಿ ಫಲಿತಾಂಶದಲ್ಲಿ ಅವನ ನಂಬರಿನ ಒಂದು ಅಂಕಿಯೂ ಬರಲಿಲ್ಲ. ಬಾಳೆಕಾಯಿಯವಳು ಅಂದಿನಿಂದ ಅವನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದಳು. ಗುದ್ದುವುದಕ್ಕೂ ಯೋಗ್ಯತೆ ಬೇಕು ಎಂದು ಯಾರ ಹತ್ತಿರವೋ ಅಂದಳಂತೆ.

ಇದೆಲ್ಲವನ್ನೂ ಅವನು ಒಂದೇ ಸಮಾಧಾನದಿಂದ ನುಂಗಿಕೊಂಡಿದ್ದ. ಮೇಷ್ಟ್ರು ಭಾನುವಾರ ಹೆಂಡತಿಯ ಹತ್ತಿರ ಹೋಗುತ್ತಿದ್ದಾರಲ್ಲ. ಆದರೆ ಮಲಗುವಾಗ ಇನ್ನೊಂದು ಯೋಚನೆಯೂ ಬರುತ್ತಿತ್ತು. ಹಿಂದಕ್ಕೂ ಮುಂದಕ್ಕೂ ವ್ಯತ್ಯಾಸ ತಿಳಿಯದ ಒಬ್ಬರನ್ನು ರಸ್ತೆಗೆ ಬಿಟ್ಟವನು ತಾನು. ಅಲ್ಲಿ ಪಿಕಪ್ ಬದಲು ಸೈಕಲ್ ನಿಂತಿದ್ದರೆ? ಈ ಯೋಚನೆಗೆ ಯಾವ ಪಾಠದಲ್ಲೂ ಉತ್ತರ ಇರಲಿಲ್ಲ. ಸನಿತ ಮಗ್ಗುಲು ಬದಲಿಸುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಹಾರ್ನ್ ಕೇಳಿಸಿತು. ಜೊತೆಗೆ ಅತ್ತೆಯ ಉಳಿದಿದ್ದ ಒಂದು ಹೂಕುಂಡ ಒಡೆದ ಸದ್ದು.

"ಲೋ ಸನಿತಾ!" ಬಿಳಿ ಕಾರಿನ ಕಿಟಕಿಯಿಂದ ಮೇಷ್ಟ್ರು ಕೂಗಿದರು. "ನಿನ್ನ ಕೀಲಿ ಕಿತ್ಕೊಂಡ್ರಂತೆ! ಈಗ ಗೊತ್ತಾಯ್ತು ಕಣೋ. ಹತ್ತು. ನಾನು ಇರೋವಾಗ ನನ್ನ ಶಿಷ್ಯ ಸ್ಕೂಟರ್ ಹಿಂದೆ ಕೂರೋದು ಬೇಡ. ವಿಹಾರಕ್ಕೆ ಹೋಗ್ಬರೋಣ."

ಸನಿತನ ಮುಖ ಸುಣ್ಣದಂತಾಯಿತು. "ಮೇಷ್ಟ್ರೇ, ಇವತ್ತು ನನಗೆ ಸ್ವಲ್ಪ ಹೊಟ್ಟೆ..."

"ಹೋಗಿ ಬನ್ನಿ," ಎಂದು ಲಮಯ್ ಹಿಂದಿನಿಂದ ತಿವಿದಳು. "ನೀವು ಗುದ್ದಿದ್ರೂ ಅವರೇ ಬಂದು ಕರೀತಿದಾರೆ. ಅಂಥ ದೊಡ್ಡ ಮನಸ್ಸಿಗೆ ಇಲ್ಲ ಅಂತೀರಾ? ನಾಚಿಕೆ ಆಗಲ್ವಾ?"

ಆ ದಾರಿಯ ವಿವರ ಬೇಡ. ಸನಿತನಿಗೂ ಅದು ಪೂರ್ತಿ ಗೊತ್ತಿಲ್ಲ, ಬಹುಪಾಲು ಕಣ್ಣು ಮುಚ್ಚಿದ್ದ. ಎಡಗಡೆಯ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಅವನ ಚಪ್ಪಲಿಯ ಬಾರು ಹರಿಯಿತು. ಮೇಷ್ಟ್ರು ದಾರಿಯುದ್ದಕ್ಕೂ ಅವನಿಗೆ ಡ್ರೈವಿಂಗ್ ಹೇಳಿಕೊಟ್ಟರು.

ವಿಹಾರ ಬಂತು. ಇನ್ನೇನು ಬದುಕಿದೆ ಎಂದು ಸನಿತ ಕಣ್ಣು ಬಿಡುವಷ್ಟರಲ್ಲಿ ಕಾರು ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ, ನಡೆಯುವ ವೇಗದಲ್ಲಿ ಮುಂದಕ್ಕೆ ಹೋಗಿ, ಅಂಗಳದ ದೊಡ್ಡ ನೀರಿನ ಹರವಿಗೆ ಮೂತಿಯಿಟ್ಟಿತು. ಹರವಿ ಎರಡು ಹೋಳಾಯಿತು. ಮಳೆಗಾಲದಿಂದ ಕೂಡಿಟ್ಟ ನೀರೆಲ್ಲ ಅಂಗಳದಲ್ಲಿ ಹರಿದು, ಗೋಡೆಯ ಗೂಡುಗಳ ಬುಡಕ್ಕೆ ಹೋಗಿ ನಿಂತಿತು. ಮೇಷ್ಟ್ರ ಹೆಂಡತಿಯ ಫೋಟೋ ಅಲ್ಲಿಂದ ಇವರಿಬ್ಬರನ್ನೂ ನೋಡುತ್ತಿತ್ತು.

ಮತ್ತೆ ಅದೇ ವಿಮೆಯವನು ಬಂದ. ಕಾರು ನೋಡಿದ, ಹರವಿ ನೋಡಿದ, ಸನಿತನನ್ನು ನೋಡಿ ಬೈಕಿಗೆ ಒರಗಿಕೊಂಡ.

"ಸಾರ್. ಇದೂ ನಿಮ್ಮದೇನಾ?"

ಸನಿತನ ಕೈಗಳು ಏಳತೊಡಗಿದವು. "ಹೌದು. ನನ್ನದೇ..."

"ನೀವು ಎಡಗಡೆ ಕೂತಿದ್ರಿ ಸಾರ್. ಸ್ಟೇರಿಂಗ್ ಬಲಗಡೆ ಇದೆ."

"ನಾನು ಮಾತಾಡಿಸ್ತಾ ಇದ್ದೆ. ಅವರ ಗಮನ..."

"ಇಳ್ಸೋ ಕೈನ," ಎಂದರು ಮೇಷ್ಟ್ರು.

ಅವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಕಾಲ ಬಳಿ ನೀರು. ಕೈಯಲ್ಲಿ ಹೂವಿನ ಪೊಟ್ಟಣ.

"ಆವತ್ತೂ ನಾನೇ ಅಲ್ವೇನೋ? ಸೇತುವೆ ಹತ್ರ. ಗೇರು ಹಿಂದಕ್ಕೆ ಬಿದ್ದಿತ್ತು."

"ಇಲ್ಲ ಮೇಷ್ಟ್ರೇ, ನಾನು ಸ್ವಲ್ಪ ಮುಂದಕ್ಕೆ..."

"ಸುಳ್ಳು ಹೇಳೋದು ನಿನಗೆ ನಾಲ್ಕನೇ ಕ್ಲಾಸಲ್ಲೂ ಬರ್ತಿರ್ಲಿಲ್ಲ. ಹೋಂವರ್ಕ್ ನಾಯಿ ತಿಂತು ಅಂದೆ. ನಿಮ್ಮನೇಲಿ ನಾಯೀನೇ ಇರ್ಲಿಲ್ಲ." ಮೇಷ್ಟ್ರು ಮೂಗು ಒರೆಸಿಕೊಂಡರು. "ಇವಳಿಗೂ ನೀನೇ ಗುದ್ದಿದ್ದು ಅಂತ ಹೇಳಿದ್ದೆ. ಈಗ ಮತ್ತೆ ಸರಿ ಮಾಡಿ ಹೇಳ್ಬೇಕು."

ಹೇಳಿದರು. ಅಷ್ಟು ವಯಸ್ಸಾದವರು ಒಂದು ಸಣ್ಣ ಫೋಟೋದ ಮುಂದೆ ನಿಂತು, "ತಪ್ಪು ನನ್ನದೇ ಕಣೇ. ಇನ್ನು ಓಡಿಸಲ್ಲ" ಎನ್ನುವಾಗ ಸನಿತ ಒಡೆದ ಹರವಿಯ ಚೂರು ಆಯತೊಡಗಿದ. ವಿಮೆಯವನು ಕೂಡ ಬೈಕಿನ ಟೈರನ್ನು ಪರೀಕ್ಷೆ ಮಾಡತೊಡಗಿದ.

ಮನೆಗೆ ಮೂವರೂ ವಿಮೆಯವನ ಬೈಕಿನಲ್ಲೇ ಬಂದರು. (ಅದೂ ನಿಯಮಕ್ಕೆ ವಿರುದ್ಧ.) ಮೇಷ್ಟ್ರು ಇಳಿದವರೇ ಲಮಯಳಿಗೆ ಎಲ್ಲವನ್ನೂ ಹೇಳಿದರು. ಸನಿತ ಅಂಗಿ ಸರಿಮಾಡಿಕೊಂಡು, ಎದೆ ಸ್ವಲ್ಪ ಮುಂದೆ ಮಾಡಿ, ಅಂಗೈ ಚಾಚಿ ನಿಂತ. ಇಷ್ಟು ದಿನದ ಸಂಕಟಕ್ಕೆ ಈಗ ಕೀಲಿ ಬಂದು ಬೀಳಬೇಕು.

ಬಿಳಿ ಕಾರಿನ ಕೀಲಿ ಮೇಷ್ಟ್ರ ಜೇಬಿನಿಂದ ಹೊರಗೆ ಬಂತು. ಸನಿತನ ಅಂಗೈ ದಾಟಿ ಲಮಯಳ ಕೈಗೆ ಹೋಯಿತು.

"ನೀನು ಇಟ್ಕೊಳಮ್ಮ. ಭಾನುವಾರ ನನ್ನ ಕರ್ಕೊಂಡು ಹೋಗು. ಮಗಳಿಗೆ ಆಸ್ಪತ್ರೇಲಿ ಡ್ಯೂಟಿ ಇರತ್ತೆ."

"ಮೇಷ್ಟ್ರೇ, ನಾನು ಕರ್ಕೊಂಡು ಹೋಗ್ತೀನಲ್ಲ!" ಸನಿತನ ಅಂಗೈ ಇನ್ನೂ ಚಾಚಿಯೇ ಇತ್ತು. "ನನ್ನದು ತಪ್ಪೇ ಇಲ್ಲ ಅಂತ ಈಗ ನೀವೇ ಹೇಳಿದ್ರಿ!"

"ಅದಕ್ಕೇ ಕಣೋ. ತಪ್ಪು ಮಾಡಿ ಒಪ್ಪದೇ ಇರೋನನ್ನ ತಿದ್ದಬಹುದು. ಮಾಡದೇ ಒಪ್ಪೋನು, ಹಿಂದಕ್ಕೆ ಬರೋ ಮುದುಕನ್ನ ರಸ್ತೆಗೆ ಬಿಡ್ತಾನೆ. ನಾಳೆ ಯಾರಾದ್ರೂ ಸತ್ರೆ?"

ಸನಿತ ತಲೆ ತಗ್ಗಿಸಿದ. ಮಗ್ಗುಲು ಬದಲಿಸುವಾಗ ಬರುತ್ತಿದ್ದ ಯೋಚನೆಯನ್ನೇ ಮೇಷ್ಟ್ರು ಎದುರಿಗೆ ತಂದು ಇಟ್ಟಿದ್ದರು.

"ಪಿಕಪ್ಪಿಂದಾದ್ರೂ..." ಎಂದು ಹೆಂಡತಿಯ ಕಡೆ ನೋಡಿದ.

"ನನ್ನ ಹತ್ರ ಸುಳ್ಳು ಹೇಳಿದ್ರಲ್ಲ," ಎಂದಳು ಲಮಯ್. ಕಣ್ಣು ಒದ್ದೆಯಾಗಿತ್ತು, ಆದರೆ ಎರಡನೇ ಕೀಲಿಯೂ ಸೊಂಟಕ್ಕೇ ಹೋಯಿತು. "ಮದುವೆ ಆದಾಗಿಂದ ಒಂದೇ ಒಂದು ಸಲ ಹೌದು ಅಂದ್ರಿ. ಅದೂ ಸುಳ್ಳು."

ಈಗ ಭಾನುವಾರ ಬೆಳಿಗ್ಗೆ ಬಿಳಿ ಕಾರನ್ನು ಲಮಯ್ ಓಡಿಸುತ್ತಾಳೆ. ಪಕ್ಕದ ಸೀಟಿನಲ್ಲಿ ಮೊಕೆಂಗ್ ತಟ್ಟೆಗಳು ಬೆಲ್ಟ್ ಹಾಕಿಕೊಂಡು ಕೂರುತ್ತವೆ. ಹಿಂದಿನ ಸೀಟಿನಲ್ಲಿ ಗುರು ಶಿಷ್ಯರಿಬ್ಬರು, ಮಡಿಲಲ್ಲಿ ಮಲ್ಲಿಗೆ ಇಟ್ಟುಕೊಂಡು, ಕ್ಲಾಸಿನಿಂದ ಹೊರಗೆ ಹಾಕಿಸಿಕೊಂಡವರಂತೆ ಕಿಟಕಿಯಾಚೆ ನೋಡುತ್ತಿರುತ್ತಾರೆ.

ಮೊನ್ನೆ ಮಾರ್ಕೆಟ್ಟಿನ ತಿರುವಿನಲ್ಲಿ ಐಸ್ ಮೂಟೆ ಹೇರಿಕೊಂಡ ಒಂದು ಬೈಕು ಅಡ್ಡ ಬಂದು ಕಾರಿನ ಬಾಗಿಲು ಉಜ್ಜಿಬಿಟ್ಟಿತು. ಲಮಯ್ ಗಾಡಿ ನಿಲ್ಲಿಸಿದಳು. ನಾಲ್ಕೂ ದೀಪ ಮಿನುಗಿಸಿದಳು. ಇಳಿದು, ಬೈಕಿನವನಿಗೆ ಪೆಟ್ಟಾಗಿಲ್ಲ ಎಂದು ನೋಡಿ, ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದು, ವಿಮೆಯವನಿಗೆ ಫೋನ್ ಮಾಡಿದಳು. ಕೂಗಾಡಲಿಲ್ಲ. ಕ್ಷಮಿಸಿ ಎನ್ನಲಿಲ್ಲ. ಸಾರು ಚೆಲ್ಲಿದಾಗಲೆಲ್ಲ ಬಟ್ಟೆ ಹಿಡಿದು ಕೇಳಿಸಿಕೊಂಡ ಪಾಠ ಒಂದಕ್ಷರವೂ ತಪ್ಪಿರಲಿಲ್ಲ. ಇಷ್ಟು ವರ್ಷಗಳಲ್ಲಿ ತನ್ನ ಮಾತನ್ನು ಪೂರ್ತಿ ಕೇಳಿದವಳು ಇವಳೊಬ್ಬಳೇ ಎಂದು ಸನಿತನಿಗೆ ಹೊಳೆಯಿತು.

ಬೈಕಿನವನು ಹೆದರಿ ಕಾರಿನ ಕಡೆ ಕೈ ಮುಗಿದ.

ಲಮಯ್ ಗಕ್ಕನೆ ಹಿಂದಿನ ಕಿಟಕಿಯ ಕಡೆ ತಿರುಗಿದಳು. ಗಾಜಿನ ಹಿಂದೆ ಆಗಲೇ ನಾಲ್ಕು ಕೈಗಳು ಜೋಡಿ ಜೋಡಿಯಾಗಿ ಮೇಲೇಳುತ್ತಿದ್ದವು.

"ಕೈ ಕೆಳಗೆ!" ಎಂದು ಕೂಗಿದಳು. "ಇಬ್ಬರೂ!"